ಯಂತ್ರ ನಿಂತಾಗ ಅಂಗಡಿಯ ಲೆಕ್ಕ

ಗಿರಣಿಯಲ್ಲಿ ಒಂದು ಮಗ್ಗ ನಿಂತರೆ ಅದನ್ನು ಬರೆದಿಡುವ ಪದ್ಧತಿ ಇದೆ. ಎಷ್ಟು ಗಂಟೆಗೆ ನಿಂತಿತು, ಯಾವ ಕಾರಣದಿಂದ ನಿಂತಿತು, ಎಷ್ಟು ಗಂಟೆಗೆ ಮತ್ತೆ ನಡೆಯಿತು ಎಂಬ ಮೂರು ಮಾತುಗಳು ವಹಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ತಿಂಗಳ ಕೊನೆಗೆ ಉತ್ಪನ್ನ ಯಾಕೆ ಇಳಿಯಿತೆಂದು ಯಾರೂ ಹೇಳಲಾರರು. ಆಗ ತಪ್ಪೆಲ್ಲ ಮಗ್ಗದವನ ತಲೆಯ ಮೇಲೆ ಬರುವದು.

ದೊಡ್ಡ ಗಿರಣಿಗಳಲ್ಲಿರುವ ಈ ರೂಢಿ ಸಣ್ಣ ಅಂಗಡಿಗಳಲ್ಲಿ ಕಾಣುವದು ಅಪರೂಪ. ನಮ್ಮ ಓದುಗ ಬಂಧುಗಳಲ್ಲಿ ಅನೇಕರು ದುಡಿಯುವದು ಉಡುಪಿ ಹೊಟೇಲುಗಳಲ್ಲಿ, ಕಿರಾಣಿ ಅಂಗಡಿಗಳಲ್ಲಿ, ದರ್ಜಿಯ ಅಥವಾ ಝೆರಾಕ್ಸಿನ ಸಣ್ಣ ಗಾಳೆಗಳಲ್ಲಿ. ಕೆಲವರು ತಾವೇ ಒಂದು ಗಾಡಿಯನ್ನೊ ಅಂಗಡಿಯನ್ನೊ ಇಟ್ಟುಕೊಂಡಿರುವರು. ಇಂದು ಈ ಎಲ್ಲ ಕಡೆಗಳಲ್ಲಿಯೂ ಹಣ ಮೊಬೈಲಿನ ಮೂಲಕ ಬರುತ್ತಿದೆ. ಮೊಬೈಲಿನ ವ್ಯವಸ್ಥೆ ಎರಡು ತಾಸು ನಿಂತರೆ ಅಂಗಡಿಗೆ ಆಗುವ ಲುಕ್ಸಾನು ಎಷ್ಟು, ಅದನ್ನು ಎಣಿಸುವದು ಹೇಗೆ, ಅದು ಯಾರ ಪಾಲಿಗೆ ಬರುವದು ಎಂಬ ಮೂರು ಸಂಗತಿಗಳೇ ಈ ಪಾಠದ ವಿಷಯ.

೧. ನಿಲ್ಲುವ ಮೂರು ಬಗೆಗಳು

ಮೊದಲನೆಯದು ವಿದ್ಯುತ್ತು ನಿಲ್ಲುವದು. ೨೦೨೦ರ ಅಕ್ಟೋಬರ್ ೧೨, ಸೋಮವಾರ, ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಮುಂಬಯಿ, ಠಾಣೆ, ನವಿ ಮುಂಬಯಿಗಳ ಬಹುಭಾಗದಲ್ಲಿ ಒಮ್ಮೆಲೆ ದೀಪ ಆರಿತು. ಕಳವಾ, ಪಡಘಾಗಳ ಕಡೆಯ ದೊಡ್ಡ ತಂತಿಗಳಲ್ಲಿ ದೋಷ ಉಂಟಾದುದೇ ಮೂಲವೆಂದು ಆಗ ತಿಳಿಸಲಾಯಿತು. ಲೋಕಲ್ ಗಾಡಿಗಳು ನಿಂತಲ್ಲಿಯೇ ನಿಂತವು. ಆಸ್ಪತ್ರೆ, ರೈಲ್ವೆಗಳಿಗೆ ಮೊದಲು ವಿದ್ಯುತ್ತು ಮರಳಿತು. ಕೆಲವು ವಸತಿಗಳಿಗೆ ಅದು ಬರುವಾಗ ಸಂಜೆಯಾಗಿತ್ತು. ಇಂಥ ದಿನ ಹಿಟ್ಟಿನ ಗಿರಣಿಯೂ ನಿಲ್ಲುವದು, ತಂಪು ಪೆಟ್ಟಿಗೆಯ ಹಾಲೂ ಕೆಡುವದು.

ಎರಡನೆಯದು, ವಿದ್ಯುತ್ತು ಇದ್ದೂ ಸಂದೇಶ ಹೋಗದಿರುವದು. ೨೦೨೧ರ ಅಕ್ಟೋಬರ್ ೪ರ ರಾತ್ರಿ ಒಂಬತ್ತು ಗಂಟೆಯ ನಂತರ ಫೇಸ್‌ಬುಕ್ಕು, ವಾಟ್ಸಾಪು, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ತಾಸು ನಿಂತವು. ಆ ಕಂಪನಿಯವರೇ ದುರಸ್ತಿ ಕೆಲಸದಲ್ಲಿ ಕೊಟ್ಟ ಒಂದು ಆಜ್ಞೆಯಿಂದ ಅವರ ಸ್ವಂತ ಜಾಲದ ಕೊಂಡಿಗಳೆಲ್ಲ ಕಳಚಿಬಿದ್ದವು. ಮನೆಯಿಂದ ಡಬ್ಬಿ ಊಟ ಮಾಡಿ ಕೊಡುವವರೂ, ವಾಟ್ಸಾಪಿನಲ್ಲಿ ಸೀರೆ ತೋರಿಸಿ ಮಾರುವವರೂ ಆ ರಾತ್ರಿ ಅಂಗಡಿಯ ಬಾಗಿಲು ಹಾಕಿದಂತೆಯೇ ಕುಳಿತರು.

ಮೂರನೆಯದು ದೂರದ ಗಣಕಯಂತ್ರ ಕೆಡುವದು. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ಕಳಿಸಿದ ಒಂದು ಸದೋಷ ತಿದ್ದುಪಡಿಯಿಂದ ಜಗತ್ತಿನಲ್ಲಿ ಸುಮಾರು ೮೫ ಲಕ್ಷ ವಿಂಡೋಸ್ ಗಣಕಗಳು ನಿಂತವೆಂದು ಮೈಕ್ರೋಸಾಫ್ಟಿನವರೇ ಅಂದಾಜು ಹೇಳಿದರು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಪ್ರಯಾಣಿಕರಿಗೆ ಕೈಯಿಂದ ಬರೆದ ಚೀಟಿ ಕೊಟ್ಟು ವಿಮಾನ ಹತ್ತಿಸಿದ್ದು ಹಲವರಿಗೆ ನೆನಪಿರಬಹುದು. ಅದೇ ತಿಂಗಳ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ಯಂತ್ರಸೇವೆ ಒದಗಿಸುವ ಒಂದು ಕಂಪನಿಯ ಮೇಲೆ ಕಳ್ಳರ ದಾಳಿಯಾಯಿತು. ಸುಮಾರು ೩೦೦ ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳನ್ನು ಪಾವತಿಯ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಊರಿನ ಸೊಸಾಯಿಟಿ ಬ್ಯಾಂಕಿನಲ್ಲಿ ಖಾತೆ ಇಟ್ಟವನಿಗೆ ಈ ಪೆಟ್ಟು ನೇರವಾಗಿ ತಾಕುವಂಥದು.

ಸರಕಾರದ ಯಂತ್ರವೂ ಇದಕ್ಕೆ ಹೊರತಲ್ಲ. ೫೦,೦೦೦ ರೂ. ಮೇಲ್ಪಟ್ಟ ಮಾಲನ್ನು ಸಾಗಿಸಲು ಬೇಕಾಗುವ ಇ-ವೇ ಬಿಲ್ಲನ್ನು ೨೦೧೮ರ ಫೆಬ್ರುವರಿ ೧ರಿಂದ ಜಾರಿಗೆ ತರಲು ಹೊರಟಾಗ ಮೊದಲ ದಿನವೇ ಅದರ ವ್ಯವಸ್ಥೆ ಭಾರ ತಾಳದೆ ಕುಸಿಯಿತು. ಕಡೆಗೆ ಅದನ್ನು ಮುಂದೂಡಿ ಏಪ್ರಿಲ್ ೧ರಿಂದ ಆರಂಭಿಸಿದರು. ಬಿಲ್ಲು ಸಿಗದಿದ್ದರೆ ತುಂಬಿದ ಲಾರಿ ಗೇಟಿನಲ್ಲಿ ನಿಲ್ಲುವದು, ಅದರ ಕಾಯುವ ಬಾಡಿಗೆ ಏರುವದು. ಇದು ಮಾಲು ಕಳಿಸುವ ಗುಮಾಸ್ತರೆಲ್ಲ ಬಲ್ಲ ಮಾತು.

೨. ಹಣ ಹೋಗುವ ದಾರಿ

ಗಿರಾಕಿ ಚೌಕ ಚಿತ್ರಕ್ಕೆ ಮೊಬೈಲು ಹಿಡಿದು ೬೦ ರೂ. ಕೊಟ್ಟನೆನ್ನಿರಿ. ಆ ಸಂದೇಶ ಅವನ ಮೊಬೈಲಿನ ಆ್ಯಪಿನಿಂದ ಆ ಆ್ಯಪಿನ ಹಿಂದಿರುವ ಬ್ಯಾಂಕಿಗೂ, ಅಲ್ಲಿಂದ ರಾಷ್ಟ್ರೀಯ ಪಾವತಿ ನಿಗಮದ ಯಂತ್ರಕ್ಕೂ ಹೋಗುವದು. ನಿಗಮದ ಯಂತ್ರವು ಗಿರಾಕಿಯ ಬ್ಯಾಂಕಿಗೆ ಹೇಳಿ ಅವನ ಖಾತೆಯಲ್ಲಿ ಖರ್ಚು ಹಾಕಿಸುವದು, ಬಳಿಕ ಅಂಗಡಿಯವನ ಬ್ಯಾಂಕಿಗೆ ಹೇಳಿ ಜಮಾ ಮಾಡಿಸುವದು. ಕೊನೆಗೆ ಎರಡೂ ಕಡೆಗೆ ಸುದ್ದಿ ಮುಟ್ಟುವದು. ಇಷ್ಟೆಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವದರಿಂದ ನಮಗೆ ಇದು ಒಂದೇ ಕೆಲಸವೆಂದು ತೋರುವದು. ನಿಜವಾಗಿ ಇದು ಹಲವು ಕೊಂಡಿಗಳ ಸರಪಳಿ. ಯಾವ ಕೊಂಡಿ ಕಳಚಿದರೂ ಗಲ್ಲೆಯ ಮುಂದೆ ನಿಂತವರಿಗೆ ಕಾಣುವದು ಒಂದೇ, ಹಣ ಬರಲಿಲ್ಲ.

ಯುಪಿಐ ಎಂಬ ಈ ಪದ್ಧತಿ ೨೦೧೬ರಲ್ಲಿ ಆರಂಭವಾಯಿತು. ೨೦೨೫ರ ಮಾರ್ಚ್ ತಿಂಗಳೊಂದರಲ್ಲಿಯೇ ಇದರ ಮೂಲಕ ಸುಮಾರು ೧,೮೩೦ ಕೋಟಿ ಪಾವತಿಗಳಾದವು. ದಿನಕ್ಕೆ ಸರಾಸರಿ ೫೯ ಕೋಟಿ. ಅದೇ ಮಾರ್ಚ್ ೨೬ರ ಸಂಜೆ ಒಮ್ಮೆ, ಏಪ್ರಿಲ್ ೨ರಂದು ಒಮ್ಮೆ, ಏಪ್ರಿಲ್ ೧೨ರ ಶನಿವಾರ ಮತ್ತೊಮ್ಮೆ ಈ ವ್ಯವಸ್ಥೆ ತೊಡಕಿಗೆ ಬಿದ್ದಿತು. ೧೨ರಂದು ಮಧ್ಯಾಹ್ನದ ಊಟದ ಹೊತ್ತನ್ನು ಒಳಗೊಂಡು ಹಲವು ತಾಸು ಪಾವತಿಗಳು ಸರಿಯಾಗಿ ನಡೆಯಲಿಲ್ಲ.

ಏಪ್ರಿಲ್ ೧೨ರ ತೊಡಕಿನ ಕಾರಣ ತಿಳಿಯತಕ್ಕದ್ದು. ಹಣ ಮುಟ್ಟಿತೇ ಎಂದು ನಿಗಮದ ಯಂತ್ರವನ್ನು ವಿಚಾರಿಸುವ ಸೌಕರ್ಯ ಬ್ಯಾಂಕುಗಳಿಗೆ ಇದೆ. ಕೆಲವು ಬ್ಯಾಂಕುಗಳ ಯಂತ್ರಗಳು ಹಳೆಯ ಪಾವತಿಗಳನ್ನೂ ಸೇರಿಸಿ ಈ ಪ್ರಶ್ನೆಯನ್ನೇ ಮೇಲಿಂದ ಮೇಲೆ ಕೇಳತೊಡಗಿದವು. ಪ್ರಶ್ನೆಗಳ ನೂಕುನುಗ್ಗಲಿನಲ್ಲಿ ಪಾವತಿಗಳಿಗೆ ದಾರಿ ಉಳಿಯಲಿಲ್ಲ. ಒಂದೇ ಕಿಟಕಿಯ ಟಿಕೀಟು ಮನೆಯಲ್ಲಿ ನೂರು ಜನ ಗಾಡಿ ಬಂತೇ, ಗಾಡಿ ಬಂತೇ ಎಂದು ಕೇಳುತ್ತ ನಿಂತರೆ ಟಿಕೀಟು ಕೊಳ್ಳುವವನು ಕಿಟಕಿಯನ್ನು ಮುಟ್ಟಲಾರನು. ಇದಾದ ಮೇಲೆ ನಿಗಮವು ಮಿತಿಗಳನ್ನು ವಿಧಿಸಿತು. ಬಾಕಿ ಪಾವತಿಯ ವಿಚಾರಣೆಗಳ ನಡುವೆ ಕನಿಷ್ಠ ೯೦ ಸೆಕೆಂಡು ಬಿಡಬೇಕು, ಅದೂ ಮೂರು ಸಲಕ್ಕೆ ಮೀರಬಾರದು. ೨೦೨೫ರ ಆಗಸ್ಟ್ ೧ರಿಂದ ಖಾತೆಯ ಶಿಲ್ಕು ನೋಡುವದಕ್ಕೂ ಒಂದು ಆ್ಯಪಿನಲ್ಲಿ ದಿನಕ್ಕೆ ೫೦ ಸಲದ ಮಿತಿ ಬಂದಿದೆ.

ಇದರಿಂದ ನಮಗೆ ಒಂದು ಪಾಠವಿದೆ. ಹಣ ಹೋಗದಿದ್ದಾಗ ಗುಂಡಿಯನ್ನು ಮತ್ತೆ ಮತ್ತೆ ಒತ್ತಬಾರದು. ಹಾಗೆ ಒತ್ತಿದರೆ ಒಂದೇ ಊಟಕ್ಕೆ ಎರಡು ಸಲ ಹಣ ಹೋಗುವ ಭಯ ಉಂಟು.

೩. ನಷ್ಟವನ್ನು ಎಣಿಸುವ ರೀತಿ

೨೦೨೪ರ ಜುಲೈ ೧೯ರ ಘಟನೆಯಿಂದ ಅಮೆರಿಕದ ದೊಡ್ಡ ೫೦೦ ಕಂಪನಿಗಳಿಗೆ ಸುಮಾರು ೫೪೦ ಕೋಟಿ ಡಾಲರ್ ನಷ್ಟವಾಯಿತೆಂದು ವಿಮೆಯ ಲೆಕ್ಕ ನೋಡುವ ಸಂಸ್ಥೆಯೊಂದು ಅಂದಾಜು ಮಾಡಿತು. ದೊಡ್ಡವರ ನಷ್ಟವನ್ನು ಎಣಿಸಿ ಕೊಡುವವರು ಇದ್ದಾರೆ. ಸಣ್ಣವರ ನಷ್ಟವನ್ನು ಸಣ್ಣವರೇ ಎಣಿಸಿಕೊಳ್ಳಬೇಕು. ತಿಳಿವಳಿಕೆಗಾಗಿ ಒಂದು ಕಾಲ್ಪನಿಕ ಹೊಟೇಲಿನ ಲೆಕ್ಕವನ್ನು ಇಲ್ಲಿ ಮಾಡಿ ನೋಡೋಣ.

ಹೊಟೇಲು ದಿನಕ್ಕೆ ೧೨ ತಾಸು ತೆರೆದಿರುವದು. ದಿನದ ವ್ಯಾಪಾರ ೧೮,೦೦೦ ರೂ. ಮಧ್ಯಾಹ್ನ ೧೨ರಿಂದ ೨ರ ವರೆಗೆ ಮೊಬೈಲಿನ ಪಾವತಿ ನಿಂತಿತು. ತಾಸಿಗೆ ಸರಾಸರಿ ೧,೫೦೦ ರೂ., ಆದುದರಿಂದ ಎರಡು ತಾಸಿಗೆ ೩,೦೦೦ ರೂ. ಎಂದು ಲೆಕ್ಕ ಹಿಡಿದರೆ ಅದು ಸರಿಯಲ್ಲ. ಊಟದ ಹೊತ್ತಿನ ಎರಡು ತಾಸಿನಲ್ಲಿ ೫,೦೦೦ ರೂ. ವ್ಯಾಪಾರ ಆಗುವದೆಂದು ಇಟ್ಟುಕೊಳ್ಳಿರಿ. ಮೊದಲನೆಯ ನಿಯಮವು ಇದೇ: ನಿಂತ ಹೊತ್ತು ಎಷ್ಟೆಂಬುದರ ಜೊತೆಗೆ ಯಾವ ಹೊತ್ತೆಂಬುದನ್ನೂ ನೋಡಬೇಕು.

ಈ ೫,೦೦೦ ರೂಪಾಯಿಗಳಲ್ಲಿ ೧,೨೦೦ ರೂ. ಎಂದಿನಂತೆ ರೋಖಾಗಿ ಬಂದಿತು. ಉಳಿದ ೩,೮೦೦ ರೂಪಾಯಿಗಳ ಗತಿ ಹೀಗಾಯಿತು:

ಗಿರಾಕಿಗಳು ತಿರುಗಿ ಹೋದುದರಿಂದ ತಪ್ಪಿದ ವ್ಯಾಪಾರ ೧,೬೦೦ ರೂ.
ಗಿರಾಕಿಗಳು ಕಿಸೆ ತಡಕಿ ರೋಖು ಕೊಟ್ಟದ್ದು ೯೦೦ ರೂ.
ಪರಿಚಿತರಿಗೆ ಉದ್ರಿ ಬರೆದದ್ದು ೮೫೦ ರೂ.
ಗಿರಾಕಿಯ ಖಾತೆಯಿಂದ ಹೋಗಿ ಅಂಗಡಿಗೆ ಬಾರದೆ ನಡುವೆ ತೂಗಿದ್ದು ೪೫೦ ರೂ.

ತಪ್ಪಿದ ೧,೬೦೦ ರೂ. ವ್ಯಾಪಾರವೆಲ್ಲವೂ ನಷ್ಟವೇ? ಅಲ್ಲ. ಇದರಲ್ಲಿ ೯೦೦ ರೂಪಾಯಿಯದು ಆಗಲೇ ಬೆಂದಿದ್ದ ಅನ್ನ, ಸಾರು, ಪಲ್ಯಗಳ ಊಟ. ಮರುದಿನಕ್ಕೆ ಉಳಿಯದ ಮಾಲು. ಆದುದರಿಂದ ಆ ೯೦೦ ಪೂರ್ತಿ ನಷ್ಟ. ಉಳಿದ ೭೦೦ ರೂಪಾಯಿಯದು ಹೇಳಿದ ಮೇಲೆ ಮಾಡುವ ದೋಸೆ, ಚಹ. ಮಾಡದೆ ಇದ್ದುದರಿಂದ ಹಿಟ್ಟು, ಹಾಲು ಉಳಿದವು. ಸಾಮಾನಿನ ಖರ್ಚು ನೂರಕ್ಕೆ ೪೦ ಎಂದು ಹಿಡಿದರೆ ೨೮೦ ರೂ. ಉಳಿಯಿತು, ನಷ್ಟ ೪೨೦ ರೂ. ಒಟ್ಟು ೧,೩೨೦ ರೂ. ಎರಡನೆಯ ನಿಯಮ: ತಪ್ಪಿದ ವ್ಯಾಪಾರದಲ್ಲಿ ಉಳಿದ ಸಾಮಾನನ್ನು ಕಳೆಯಬೇಕು. ಕೆಟ್ಟ ಸಾಮಾನನ್ನು ಕಳೆಯಬಾರದು.

ಇನ್ನು ಉದ್ರಿಯ ೮೫೦ರಲ್ಲಿ ೧೫೦ ರೂ. ಮರಳಲಿಲ್ಲ. ನಡುವೆ ತೂಗಿದ ೪೫೦ ರೂ. ಗಿರಾಕಿಗಳ ಖಾತೆಗೇ ತಿರುಗಿ ಹೋಯಿತು. ಅವರಲ್ಲಿ ಪ್ರಾಮಾಣಿಕರು ಬಂದು ೩೦೦ ರೂ. ಕೊಟ್ಟರು, ೧೫೦ ರೂ. ಮುಳುಗಿತು. ರಾತ್ರಿ ಲೆಕ್ಕ ಹೊಂದಿಸಲು ಒಬ್ಬನನ್ನು ಹೆಚ್ಚು ಹೊತ್ತು ಕೂಡಿಸಿದ್ದಕ್ಕೆ ೧೮೦ ರೂ. ಓವರ್‌ಟೈಮು. ಕೂಡಿಸಿ ನೋಡಿರಿ: ೧,೩೨೦ + ೧೫೦ + ೧೫೦ + ೧೮೦ = ೧,೮೦೦ ರೂ.

ಆ ಎರಡು ತಾಸಿನಲ್ಲಿ ಕೆಲಸವಿಲ್ಲದೆ ನಿಂತವರ ಸಂಬಳವನ್ನು ಇದಕ್ಕೆ ಕೂಡಿಸಬೇಕೆಂದು ಕೆಲವರು ಹೇಳುವರು. ಕೂಡಿಸಕೂಡದು. ಆ ಸಂಬಳ ವ್ಯಾಪಾರ ನಡೆದಿದ್ದರೂ ಕೊಡತಕ್ಕದ್ದೇ. ಅದು ಹುಟ್ಟಬೇಕಾಗಿದ್ದ ಹಣವನ್ನು ತಪ್ಪಿದ ವ್ಯಾಪಾರದಲ್ಲಿ ಒಮ್ಮೆ ಎಣಿಸಿದ್ದಾಗಿದೆ. ಒಂದೇ ನಷ್ಟವನ್ನು ಎರಡು ಸಲ ಬರೆಯಬಾರದೆಂಬುದು ಮೂರನೆಯ ನಿಯಮ.

ಬಾಡಿಗೆ, ಗ್ಯಾಸು, ಸಂಬಳ ಎಲ್ಲ ಕಳೆದು ನೂರಕ್ಕೆ ೧೦ ಉಳಿಯುವ ಹೊಟೇಲಾದರೆ ೧೮,೦೦೦ ರೂಪಾಯಿಗೆ ದಿನದ ಲಾಭ ೧,೮೦೦ ರೂ. ಎಂದರೆ ಎರಡೇ ತಾಸಿನ ನಿಲುಗಡೆಯಲ್ಲಿ ಇಡೀ ದಿನದ ಲಾಭ ಹೋಯಿತು. ೧೨ ತಾಸಿನಲ್ಲಿ ೨ ತಾಸು ಆರರಲ್ಲಿ ಒಂದು ಪಾಲು. ಹೋದುದು ಮಾತ್ರ ಆರೂ ಪಾಲು.

೪. ನಡುವೆ ತೂಗುವ ಹಣಕ್ಕೆ ನಿಯಮ

ಗಿರಾಕಿಯ ಖಾತೆಯಿಂದ ಹೋದ ಹಣ ಅಂಗಡಿಗೆ ಮುಟ್ಟದಿದ್ದರೆ ಎಷ್ಟು ದಿನದೊಳಗೆ ತಿರುಗಿ ಬರಬೇಕೆಂಬುದನ್ನು ರಿಜರ್ವ್ ಬ್ಯಾಂಕು ೨೦೧೯ರ ಸೆಪ್ಟೆಂಬರದಲ್ಲಿ ಗೊತ್ತುಪಡಿಸಿತು. ಅಂಗಡಿಯ ವ್ಯಾಪಾರಿ ಖಾತೆಗೆ ಕೊಟ್ಟ ಹಣವಾದರೆ ಪಾವತಿಯ ದಿನದ ನಂತರ ೫ ದಿನ. ಒಬ್ಬರ ಸ್ವಂತ ಖಾತೆಯಿಂದ ಇನ್ನೊಬ್ಬರ ಸ್ವಂತ ಖಾತೆಗೆ ಕಳಿಸಿದ ಹಣವಾದರೆ ೧ ದಿನ. ಅವಧಿ ಮೀರಿದರೆ ದಿನಕ್ಕೆ ೧೦೦ ರೂ. ಪ್ರಕಾರ ಪರಿಹಾರ ಸಲ್ಲಬೇಕು. ಗಾಡಿಯವರು ಅನೇಕರು ತಮ್ಮ ಸ್ವಂತ ಖಾತೆಯ ಚೌಕ ಚಿತ್ರವನ್ನೇ ಇಟ್ಟಿರುತ್ತಾರೆ. ಆದುದರಿಂದ ತಮ್ಮದು ಯಾವ ಬಗೆಯ ಖಾತೆಯೆಂಬುದನ್ನು ಬ್ಯಾಂಕಿನಲ್ಲಿ ಕೇಳಿ ತಿಳಿದಿರುವದು ಒಳ್ಳೆಯದು.

ಬ್ಯಾಂಕಿಗೆ ದೂರು ಕೊಟ್ಟು ೩೦ ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರಿಗೆ ಮನವಿ ಮಾಡಿಕೊಳ್ಳಬಹುದು. ಅದಕ್ಕೆ ಶುಲ್ಕವಿಲ್ಲ. ಆದರೆ ದೂರಿಗೆ ಆಧಾರ ಬೇಕು. ಪ್ರತಿಯೊಂದು ಪಾವತಿಗೆ ೧೨ ಅಂಕೆಗಳ ಒಂದು ಕ್ರಮಸಂಖ್ಯೆ ಇರುವದು. ಆ ಸಂಖ್ಯೆ, ದಿನಾಂಕ, ಹೊತ್ತು, ಮೊತ್ತ ಈ ನಾಲ್ಕು ಇಲ್ಲದ ದೂರು ವಿಳಾಸವಿಲ್ಲದ ಕಾಗದದಂತೆ.

೫. ನಷ್ಟ ಯಾರ ಪಾಲಿಗೆ

ಈಗ ಪಾಠದ ಮುಖ್ಯ ಮಾತಿಗೆ ಬರುವೆವು. ನಿಗಮದ ಯಂತ್ರ ನಿಂತರೆ, ಬ್ಯಾಂಕಿನ ಯಂತ್ರ ನಿಂತರೆ, ತಪ್ಪಿದ ವ್ಯಾಪಾರಕ್ಕೆ ಅಂಗಡಿಯವನಿಗೆ ಯಾರೂ ಪರಿಹಾರ ಕೊಡುವದಿಲ್ಲ. ಮೇಲೆ ಹೇಳಿದ ೧೦೦ ರೂ. ಕೂಡ ಸಿಕ್ಕಿಕೊಂಡ ಹಣಕ್ಕೆ ಸಂಬಂಧಿಸಿದ್ದು, ತಿರುಗಿ ಹೋದ ಗಿರಾಕಿಗೆ ಸಂಬಂಧಿಸಿದ್ದಲ್ಲ. ಹೀಗೆ ಮೇಲಿನಿಂದ ಇಳಿದ ನಷ್ಟ ಅಂಗಡಿಯ ಮಾಲೀಕನ ಮೇಲೆ ಬೀಳುವದು. ಅವನು ಅದನ್ನು ಹಾಗೆಯೇ ಕೆಳಗೆ ತಳ್ಳಿದರೆ ಗಲ್ಲೆಯ ಮೇಲೆ ಕುಳಿತ ಹುಡುಗನ ಮೇಲೆ ಬೀಳುವದು.

ರಾತ್ರಿ ಲೆಕ್ಕದಲ್ಲಿ ೪೫೦ ರೂ. ಕಡಿಮೆ. "ಹಣ ಬಂತೆಂದು ನೀನೇ ಅಲ್ಲವೇ ಗಿರಾಕಿಯನ್ನು ಕಳಿಸಿದ್ದು?" ಎಂಬ ಪ್ರಶ್ನೆ. ಗಿರಾಕಿ ತನ್ನ ಮೊಬೈಲಿನ ಪಟದಲ್ಲಿ ಹಣ ಹೋದದ್ದನ್ನು ತೋರಿಸಿದ್ದ. ಹಣ ಹೇಳುವ ಡಬ್ಬಿ ಮೌನವಾಗಿತ್ತು. ಹಿಂದೆ ಹತ್ತು ಜನ ಸಾಲಿನಲ್ಲಿ ನಿಂತಿದ್ದರು. ಹುಡುಗ ಏನು ಮಾಡಬೇಕಾಗಿತ್ತು? ಕಾಗದದ ಆಧಾರ ಇಲ್ಲದಿದ್ದರೆ ಅವನ ಮಾತನ್ನು ಯಾರೂ ನಂಬುವದಿಲ್ಲ, ಆ ೪೫೦ ಅವನ ಪಗಾರದಲ್ಲಿ ಕಡಿತವಾಗುವದು. ಊರಿಗೆ ಕಳಿಸುವ ಹಣದಲ್ಲಿ ಅಷ್ಟು ಕಡಿಮೆ.

ಕಾಯದೆಯ ಮಾತು ಬೇರೆ ಇದೆ. ನೌಕರನ ವಶದಲ್ಲಿದ್ದ ಹಣ ಕಡಿಮೆ ಬಂದರೆ, ಅದು ನೇರವಾಗಿ ಅವನ ಅಲಕ್ಷ್ಯದಿಂದಲೇ ಆದದ್ದಾದರೆ ಮಾತ್ರ ವೇತನದಲ್ಲಿ ಹಿಡಿಯಬಹುದು. ಅದಕ್ಕೂ ಮೊದಲು ಅವನ ಹೇಳಿಕೆ ಕೇಳಬೇಕು. ೧೯೩೬ರ ವೇತನ ಪಾವತಿ ಕಾಯದೆಯಲ್ಲಿದ್ದ ಈ ತತ್ವವನ್ನು ೨೦೧೯ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ದೂರದ ಯಂತ್ರ ನಿಂತದ್ದು ಹುಡುಗನ ಅಲಕ್ಷ್ಯವಲ್ಲ. ಆದರೆ ಯಂತ್ರ ನಿಂತಿತ್ತೆಂದು ತೋರಿಸುವದಕ್ಕೆ ಅವನ ಕೈಯಲ್ಲಿ ಬರೆದ ಒಂದು ಸಾಲಾದರೂ ಇರಬೇಕು. ಮಾಲೀಕ ಬಂಧುಗಳಿಗೂ ನಮ್ಮ ವಿನಂತಿ ಇದೇ. ನಿಮ್ಮ ಮೇಲೆ ಬಿದ್ದ ನಷ್ಟ ಅನ್ಯಾಯದ್ದೆಂದು ನಿಮಗೆ ಅನಿಸುವದಾದರೆ, ಅದನ್ನು ನಿಮಗಿಂತ ಬಡವನ ಮೇಲೆ ಹಾಕಿದ ಮಾತ್ರಕ್ಕೆ ಅದು ನ್ಯಾಯವಾಗಲಾರದು.

೬. ಮಾಡತಕ್ಕ ಕೆಲಸಗಳು

ಒಂದು, ನಿಲುಗಡೆಯ ವಹಿ. ಇಪ್ಪತ್ತು ರೂಪಾಯಿಯ ನೋಟುಬುಕ್ಕು ಸಾಕು. ಐದು ಕಾಲಂ ಹಾಕಿರಿ: ದಿನಾಂಕ ಮತ್ತು ಹೊತ್ತು, ಗಿರಾಕಿಯ ಹೆಸರು, ಮೊತ್ತ, ೧೨ ಅಂಕೆಯ ಸಂಖ್ಯೆ, ಮುಂದೆ ಏನಾಯಿತು. ಯಂತ್ರ ನಿಂತೊಡನೆ ಹೊತ್ತು ಬರೆದು ಮಾಲೀಕನಿಗೆ ಅಥವಾ ಮ್ಯಾನೇಜರನಿಗೆ ತೋರಿಸಿ ಸಹಿ ಪಡೆಯಿರಿ.

ಎರಡು, ಯಾವ ಕೊಂಡಿ ಕಳಚಿದೆ ಎಂದು ನೋಡುವದು. ಡಬ್ಬಿ ಮಾತ್ರ ಮೌನವಾಗಿ, ಅಂಗಡಿಯ ಮೊಬೈಲಿನಲ್ಲಿ ಜಮಾ ಕಾಣುತ್ತಿದ್ದರೆ ದೋಷ ಡಬ್ಬಿಯ ಸಿಮ್ಮಿನದು, ಹಣ ಬಂದಿದೆ. ಒಂದೇ ಬ್ಯಾಂಕಿನ ಗಿರಾಕಿಗಳಿಗೆ ಮಾತ್ರ ತೊಡಕಾದರೆ ದೋಷ ಆ ಬ್ಯಾಂಕಿನದು. ಎಲ್ಲರಿಗೂ ತೊಡಕಾದರೆ ದೋಷ ಅಂಗಡಿಯ ಕಡೆಯದು ಅಥವಾ ನಡುವಿನ ವ್ಯವಸ್ಥೆಯದು. ನೆರೆಯ ಅಂಗಡಿಯಲ್ಲಿ ವಿಚಾರಿಸಿದರೆ ಅದೂ ತಿಳಿಯುವದು.

ಮೂರು, ಗಿರಾಕಿ ತೋರಿಸುವ ಪಟವನ್ನೇ ಜಮಾ ಎಂದು ತಿಳಿಯಬಾರದು. ನಿಲುಗಡೆಯ ಹೊತ್ತೇ ಸುಳ್ಳು ಪಟ ತೋರಿಸುವವರಿಗೆ ಸುಗ್ಗಿ. ಅಂಗಡಿಯ ಖಾತೆಯಲ್ಲಿ ಕಂಡದ್ದು ಮಾತ್ರ ಜಮಾ.

ನಾಲ್ಕು, ಎರಡನೆಯ ದಾರಿ. ಗಲ್ಲೆಯಲ್ಲಿ ಹತ್ತು, ಇಪ್ಪತ್ತರ ನೋಟುಗಳೂ ಚಿಲ್ಲರೆಯೂ ಯಾವಾಗಲೂ ಇರಲಿ. ಚಿಲ್ಲರೆ ಇಲ್ಲವೆಂದು ರೋಖು ತಂದ ಗಿರಾಕಿಯನ್ನೂ ಕಳೆದುಕೊಳ್ಳುವದು ದೊಡ್ಡ ನಷ್ಟ. ಬೇರೆ ಕಂಪನಿಯ ಇನ್ನೊಂದು ಸಿಮ್ಮು, ಬೇರೆ ಬ್ಯಾಂಕಿನ ಇನ್ನೊಂದು ಖಾತೆಯ ಚಿತ್ರ ಇರಲಿ. ಗಿರಾಕಿಗಳಾಗಿ ನಾವೂ ಕಿಸೆಯಲ್ಲಿ ಒಂದು ದಿನದ ಖರ್ಚಿನ ರೋಖು ಇಟ್ಟುಕೊಳ್ಳಬೇಕು. ಯುಪಿಐ ಲೈಟ್ ಎಂಬುದರಲ್ಲಿ ೫,೦೦೦ ರೂ. ವರೆಗೆ ಮೊದಲೇ ತುಂಬಿಟ್ಟು ಒಂದು ಸಲಕ್ಕೆ ೧,೦೦೦ ರೂ. ವರೆಗೆ ಕೊಡಬಹುದು. ಕೊಡುವಾಗ ನಮ್ಮ ಬ್ಯಾಂಕಿನ ಖಾತೆಯನ್ನು ಮುಟ್ಟುವ ಕಾರಣವಿಲ್ಲದ್ದರಿಂದ ಆ ಬ್ಯಾಂಕು ನಿಧಾನವಾದಾಗ ಇದು ಉಪಯೋಗಕ್ಕೆ ಬರುವದು. ನಡುವಿನ ವ್ಯವಸ್ಥೆಯೇ ನಿಂತರೆ ಮಾತ್ರ ಇದನ್ನು ನೆಚ್ಚಲಾಗದು.

ಐದು, ಉದ್ರಿಗೆ ಮಿತಿ. ಯಾರಿಗೆ, ಎಷ್ಟರ ವರೆಗೆ ಎಂಬುದನ್ನು ಮಾಲೀಕನು ಮೊದಲೇ ಹೇಳಿಟ್ಟಿರಬೇಕು. ನೂಕುನುಗ್ಗಲಿನಲ್ಲಿ ಹುಡುಗನು ನಿರ್ಣಯಿಸುವ ಸಂಗತಿ ಅದಲ್ಲ.

ಅಭ್ಯಾಸ

(೧) ಒಂದು ಕಿರಾಣಿ ಅಂಗಡಿಯಲ್ಲಿ ಒಂದು ತಾಸಿನ ನಿಲುಗಡೆಯಿಂದ ೨,೦೦೦ ರೂ. ವ್ಯಾಪಾರ ತಪ್ಪಿತು. ಅದರಲ್ಲಿ ೧,೪೦೦ ರೂಪಾಯಿಯ ಗಿರಾಕಿಗಳು ಸಂಜೆ ಮರಳಿ ಬಂದು ಸಾಮಾನು ಒಯ್ದರು. ಅಕ್ಕಿ, ಬೇಳೆ ಕೆಡುವ ಮಾಲಲ್ಲ. ನೂರಕ್ಕೆ ೧೨ ಲಾಭವಾದರೆ ನಿಜವಾದ ನಷ್ಟವೆಷ್ಟು? ಹೊಟೇಲಿನ ನಷ್ಟಕ್ಕಿಂತ ಇದು ಯಾಕೆ ಕಡಿಮೆ?

(೨) ವಿದ್ಯುತ್ತು ಹೋದಾಗ ನಡೆಯುವ ಬ್ಯಾಟರಿಗೆ ೧೫,೦೦೦ ರೂ. ಬೀಳುವದೆನ್ನಿರಿ. ಒಂದು ನಿಲುಗಡೆಯ ನಷ್ಟ ೧,೮೦೦ ರೂ. ಆದರೆ, ಎಷ್ಟು ನಿಲುಗಡೆಗಳನ್ನು ತಪ್ಪಿಸಿದ ಮೇಲೆ ಹಾಕಿದ ಹಣ ಹುಟ್ಟುವದು?

(೩) ನೀವು ದುಡಿಯುವ ಅಂಗಡಿಯಲ್ಲಿ ಈ ತಿಂಗಳು ಎಷ್ಟು ಸಲ ಯಾವ ಯಂತ್ರ ನಿಂತಿತು? ವಹಿಯಲ್ಲಿ ಇದೆಯೇ?

ಮೊದಲಿನ ಎರಡರ ಉತ್ತರ: ೭೨ ರೂ.; ಒಂಬತ್ತನೆಯ ನಿಲುಗಡೆ. ಮೂರನೆಯದರ ಉತ್ತರ ನಮ್ಮಲ್ಲಿ ಇಲ್ಲ, ನಿಮ್ಮ ಗಲ್ಲೆಯ ಹತ್ತಿರ ಇರಬೇಕು. ವಹಿಯ ಕಾಲಂ ಹಾಕುವದು ತಿಳಿಯದವರು ರವಿವಾರ ಬೆಳಿಗ್ಗೆ ವಾಚನಾಲಯಕ್ಕೆ ಒಂದು ನೋಟುಬುಕ್ಕು ತೆಗೆದುಕೊಂಡು ಬರಲಿ, ಕೂಡಿ ಹಾಕೋಣ.